ಹನ್ನೆರಡು ವೋಲ್ಟಿನ ಕಾಕಾ

ಲಾರಿ ಬ್ಯಾಟರಿಯ ಎರಡೂ ತುದಿಗಳನ್ನು ಒದ್ದೆ ಕೈಯಿಂದ ಹಿಡಿದು ಹಲ್ಲು ಕಿರಿಯುವುದು ನಮ್ಮ ಗುರುಶಾಂತಪ್ಪ ಕಾಕಾ ಮಂದಿಯನ್ನು ಬರಮಾಡಿಕೊಳ್ಳುವ ರೀತಿಯಾಗಿತ್ತು. ಬೀಗರು ಬಂದರೂ ಅದೇ, ಮಠದ ಅಯ್ಯನವರು ಬಂದರೂ ಅದೇ. ಕುಡಿಯಲು ಕೊಟ್ಟ ತಂಬಿಗೆಯ ನೀರಿನಲ್ಲೇ ಬೆರಳು ಅದ್ದಿ, ಬ್ಯಾಟರಿ ಹಿಡಿದು, ಎದುರಿಗಿದ್ದವರ ಮುಖದಲ್ಲಿ ಗಾಬರಿ ಕಾಣುವವರೆಗೆ ಬಿಡುತ್ತಿರಲಿಲ್ಲ.

“ನೋಡ್ರಿ, ಹಿಡದೀನಿ. ಸತ್ತೀನೇನು? ಹನ್ನೆರಡು ವೋಲ್ಟ್ ಅಂದ್ರ ಮನಿ ಆಕಳ. ಹಾಯಂಗಿಲ್ಲ, ಒದಿಯಂಗಿಲ್ಲ. ನಿಮ್ಮ ಗ್ವಾಡ್ಯಾಗ ಹೊಕ್ಕು ಕುಂತದಲ್ಲ ಎರಡನೂರಾ ಮೂವತ್ತು, ಅದು ಹುಚ್ಚ ಗೂಳಿ. ಅದರ ಕೂಡ ಸಂಸಾರ ಮಾಡೋ ನೀವು ಶ್ಯಾಣ್ಯಾರು, ನಾ ಹುಚ್ಚ!”

ಈ ಮಾತು ಹೇಳುತ್ತಿದ್ದವನು ಯಾವ ಬೈರಾಗಿಯೂ ಅಲ್ಲ, ಲೈನ್‌ಮನ್. ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲಿ ಆಯುಷ್ಯವೆಲ್ಲ ಕಂಬ ಹತ್ತಿದವನು. ಊರೂರಿಗೆ ಕರೆಂಟು ಕೊಟ್ಟ ಮನುಷ್ಯ ತನ್ನ ಖೋಲಿಯೊಳಗೆ ಅದನ್ನು ಬಿಟ್ಟುಕೊಳ್ಳಲಿಲ್ಲ. ಶಹಾಬಾದಿನ ನಮ್ಮ ಕೂಡು ಮನೆಯಲ್ಲಿ ಎಲ್ಲ ಖೋಲಿಗಳಲ್ಲೂ ಟ್ಯೂಬ್‌ಲೈಟು ಉರಿಯುತ್ತಿದ್ದವು. ಕಾಕಾನ ಬಾಗಿಲಿಗೆ ಬಂದಾಗ ವೈರು ನಿಂತುಬಿಡುತ್ತಿತ್ತು. ಅದನ್ನು ಅವನೇ ಕತ್ತರಿಸಿ, ತುದಿಗೆ ಕರಿ ಟೇಪು ಸುತ್ತಿ, ಗೋಡೆಗೆ ಮೊಳೆ ಹೊಡೆದು ಕಟ್ಟಿಹಾಕಿದ್ದ. ಒಳಗೆ ಬ್ಯಾಟರಿಯ ಮೇಲೆ ಉರಿಯುವ ಒಂದು ಆಟೋರಿಕ್ಷಾದ ಬಲ್ಬು.

ಕಾರಣ ರಾಮುಲು. ಕುಂಚಾವರಂ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವವನು, ಕಾಕಾನ ಜೋಡಿ ಕೆಲಸದವನು. ಲೈನು ಬಂದ್ ಆಗಿದೆ ಎಂದು ತಿಳಿಸಿದ ಮೇಲೆ ರಾಮುಲು ಕಂಬ ಹತ್ತಿದ್ದ. ಎಲ್ಲೋ ಕುಳಿತ ಯಾರೋ ಲೈನು ಚಾಲೂ ಮಾಡಿದರು. ಯಾರೆಂಬುದು ಕಡೆಗೂ ಗೊತ್ತಾಗಲಿಲ್ಲ; ಗೊತ್ತಾಗದ ಹಾಗೆ ಎಲ್ಲರೂ ಕೂಡಿ ನೋಡಿಕೊಂಡರು. ಕೇಳದೆ ಹತ್ತಿದ, ಅವನದೇ ತಪ್ಪು ಎಂದು ತೀರ್ಮಾನವಾಯಿತು. ಸತ್ತವನು ಎದ್ದು ಬಂದು ಅಲ್ಲ ಅನ್ನುವುದಿಲ್ಲವಲ್ಲ. ಕೆಳಗೆ ಹಗ್ಗ ಹಿಡಿದು ನಿಂತಿದ್ದ ಕಾಕಾ ಮೇಲೆ ನಡೆದದ್ದನ್ನು ಕಣ್ಣಾರೆ ಕಂಡವನು. “ತಪ್ಪ ಯಾರದೋ, ಹೆಸರ ಯಾರದೋ” ಎಂಬ ಮಾತು ಅಂದಿನಿಂದ ಅವನ ಬಾಯಲ್ಲಿ ಕುಳಿತಿತು. ಹಾಲು ಉಕ್ಕಿ ಚೆಲ್ಲಿದರೂ ಅದೇ, ಮಂತ್ರಿ ರಾಜೀನಾಮೆ ಕೊಟ್ಟರೂ ಅದೇ.

ಕಾಕಾನ ಹೆಂಡತಿ ನೀಲಮ್ಮ ಕಾಕಿ ತೆಂಗಳಿಯ ಹೆಣ್ಣುಮಗಳು. ಹೊಲದ ಗಾಳಿಯಲ್ಲಿ ಬೆಳೆದವಳನ್ನು ತಂದು ಶಹಾಬಾದಿನ ಧೂಳಿಗೆ ಕೊಟ್ಟರು. ನಮ್ಮ ಹಿತ್ತಿಲ ಗೋಡೆಯ ಆಚೆಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನು. ಬೆಳಗಾದರೆ ಅದರ ಕಿರುಚಾಟ, ಸಂಜೆಯಾದರೆ ಮಾಡು, ತುಳಸಿ, ಒಣಹಾಕಿದ ಹಪ್ಪಳ ಎಲ್ಲದರ ಮೇಲೂ ಬೂದಿ ಬಣ್ಣದ ಪುಡಿ. ಉಳಿದವರು ಅದನ್ನು ಜಾಡಿಸಿಕೊಂಡು ಬದುಕಿದೆವು. ಕಾಕಿಯ ಎದೆ ಮಾತ್ರ ಜಾಡಿಸಿಕೊಳ್ಳಲಿಲ್ಲ. ಮಾತಿನ ನಡುವೆ ಉಸಿರು ಸಿಗದೆ ನಿಂತುಬಿಡುತ್ತಿದ್ದಳು. ನಾವು ಅವಳ ವಾಕ್ಯ ಮುಗಿಯಲೆಂದು ಕಾಯುತ್ತಿದ್ದೆವು. ಅವಳ ಓರಗೆಯ ಹೆಂಗಸರು ಸೊಂಟದ ಸಂಚಿಯಲ್ಲಿ ಎಲೆ ಅಡಿಕೆ ಇಟ್ಟುಕೊಂಡರೆ ಕಾಕಿ ತನ್ನ ಸಂಚಿಯಲ್ಲಿ ಉಸಿರಿನ ಗುಳಿಗೆಯ ಪಟ್ಟಿ ಇಟ್ಟುಕೊಳ್ಳುತ್ತಿದ್ದಳು. ಮಲಗಿದಾಗಲೂ ಆ ಸಂಚಿ ಬಿಚ್ಚುತ್ತಿರಲಿಲ್ಲ, ಯಾರ ಕೈಗೂ ಕೊಡುತ್ತಿರಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಶಬ್ದವಿತ್ತು. ಅಡುಗೆ ಮನೆಯಲ್ಲಿ ಮೆಲ್ಲಗೆ, ಜಗಳವಾದಾಗ ಜೋರಾಗಿ ಆ ಶಬ್ದ ಕೇಳುತ್ತಿತ್ತು. ನಮ್ಮ ಅಜ್ಜಿ ಸಾಯುವವರೆಗೂ ಅದನ್ನು ಕಾಕಿಯ ಹೆಸರಿನ ಬದಲಿಗೇ ಬಳಸಿದಳು.

ದವಾಖಾನೆಯಲ್ಲಿ ಡಾಕ್ಟರು ಧೂಳು ಬಿಟ್ಟು ದೂರ ಇರಿ ಅಂದರು. ದೂರ ಅಂದರೆ ಎಲ್ಲಿಗೆ? ವಾಡಿಗೆ ಹೋದರೆ ಸಿಮೆಂಟಿನ ಧೂಳು. ತೆಂಗಳಿಗೆ ಹೋದರೆ ಅಣ್ಣನ ಹೆಂಡತಿಯ ಮೋರೆ. ಕಾಕಾ ನಿವೃತ್ತಿಯಾದ ವರ್ಷ ಸರಕಾರದ ಹರಾಜಿನಲ್ಲಿ ಒಂದು ಹಳೆಯ ವ್ಯಾನು ಹಿಡಿದು ತಂದ. ಮೂಗು ಗುಂಡಗಿನ, ಹೊಟ್ಟೆ ದೊಡ್ಡದಾದ ಆ ವ್ಯಾನು ಒಂದು ಕಾಲದಲ್ಲಿ ಹಳ್ಳಿ ಹಳ್ಳಿ ತಿರುಗಿ ಕುಟುಂಬ ಯೋಜನೆಯ ಪ್ರಚಾರ ಮಾಡಿದ್ದು. ಅದರ ಪಕ್ಕೆಯ ಮೇಲೆ ದೊಡ್ಡದೊಂದು ಕೆಂಪು ತ್ರಿಕೋನ. ಕಾಕಾ ಹಸಿರು ಬಣ್ಣ ಬಳಿದ. ಬೇಸಿಗೆಯಲ್ಲಿ ತ್ರಿಕೋನ ಮತ್ತೆ ಎದ್ದು ಬಂತು. ನೀಲಿ ಬಳಿದ, ಮತ್ತೆ ಬಂತು. ಊರಿನ ಮಂದಿಗೆ ಹಬ್ಬವಾಯಿತು.

“ಗುರುಶಾಂತಪ್ಪ, ಆ ಗಾಡಿ ಮಾತ ನಿನ್ನಷ್ಟು ಕೇಳಿದಾವ ಯಾರೂ ಇಲ್ಲ ಬಿಡೋ” ಎಂದು ಚಹಾದ ಅಂಗಡಿಯಲ್ಲಿ ನಕ್ಕರು. ಕಾಕಾ ಆ ದಿನ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದ. ಕಾಕಿ ಮಾತ್ರ ಒದ್ದೆ ಅರಿವೆಯಿಂದ ಆ ತ್ರಿಕೋನ ಒರೆಸುತ್ತ, “ಇರಲಿ ಬಿಡ್ರಿ. ಮನಿ ಅಂದಮ್ಯಾಲ ಹಣಿಮ್ಯಾಲ ಕುಂಕುಮ ಬ್ಯಾಡೇನು?” ಅಂದಳು.

ಆ ವ್ಯಾನನ್ನು ಕಾಕಾ ಮನೆ ಮಾಡಿದ. ಹಣವಿಲ್ಲದವನು ಮಾಡುವ ಹಾಗೆ, ಬೇರೆಯವರು ಎಸೆದದ್ದರಿಂದ ಮಾಡಿದ. ವಾಡಿಯಲ್ಲಿ ಸಿಮೆಂಟ್ ಲಾರಿಯವರು ಮೂಲೆಗೆ ಹಾಕಿದ ಬ್ಯಾಟರಿಗಳಲ್ಲಿ ಜೀವ ಇದ್ದವನ್ನು ಹುಡುಕಿ ತಂದ. ಗುಜರಿಯಲ್ಲಿ ಸಿಕ್ಕ ಬೀದಿ ದೀಪದ ಸೋಲಾರ್ ಹಲಗೆ ಎರಡು ಮಾಡಿನ ಮೇಲೆ ಕುಳಿತವು. ಒಂದರ ಮೂಲೆ ಒಡೆದಿತ್ತು. ಅಂಗಡಿಯ ಬೋರ್ಡಿನಿಂದ ಕಿತ್ತ ಎಲ್‌ಇಡಿ ಪಟ್ಟಿ ದೀಪವಾಯಿತು. ಕೆಟ್ಟ ಕಂಪ್ಯೂಟರಿನ ಸಣ್ಣ ಫ್ಯಾನು ಕಾಕಿಯ ತಲೆಯ ಬಳಿ ನಿಂತಿತು. ಔಷಧ ಹಾಕಿ ಹಬೆ ಎಳೆದುಕೊಳ್ಳುವ ಕಾಕಿಯ ಮಷೀನು ಗೋಡೆಯ ಕರೆಂಟು ಬೇಡುವಂಥದ್ದು. ಅದನ್ನು ಕೊಟ್ಟು ಬ್ಯಾಟರಿಯ ಮೇಲೆ ನಡೆಯುವಂಥದ್ದನ್ನು ಎಲ್ಲಿಂದಲೋ ತಂದ. ಎಲ್ಲಿಂದ ಎಂದು ಕೇಳಿದರೆ, “ನಿನಗ್ಯಾಕ ಬೇಕು? ಉಸರ ಬರತದೋ ಇಲ್ಲೋ?” ಅನ್ನುತ್ತಿದ್ದ.

ಎಲ್ಲಕ್ಕಿಂತ ಮೇಲು ಅವನ ಫ್ಯೂಸಿನ ಹಲಗೆ. ನಯ ಮಾಡಿದ ಶಹಾಬಾದ್ ಕಲ್ಲಿನ ತುಂಡೊಂದಕ್ಕೆ ತೂತು ಕೊರೆದು, ಅದರ ಮೇಲೆ ಸಾಲಾಗಿ ಫ್ಯೂಸುಗಳನ್ನು ಕೂರಿಸಿದ್ದ. ಕಲ್ಲಿಗೆ ಕರೆಂಟು ಹತ್ತುವುದಿಲ್ಲ, ಬೆಂಕಿಯೂ ಹತ್ತುವುದಿಲ್ಲ ಎಂಬುದು ಅವನ ಲೆಕ್ಕ. ದೀಪಕ್ಕೊಂದು, ಫ್ಯಾನಿಗೊಂದು, ಹಬೆ ಮಷೀನಿಗೊಂದು. ಹೆಂಡತಿಯ ಉಸಿರು ಕೊಂದ ಕಲ್ಲನ್ನೇ ತಂದು ಅವಳನ್ನು ಕಾಯಲು ನಿಲ್ಲಿಸಿದ್ದ ಅಂತ ನನಗೆ ಈಗ ಅನ್ನಿಸುತ್ತದೆ. ಅವನಿಗೆ ಅಂಥದ್ದೇನೂ ಇರಲಿಲ್ಲ. ಹಿತ್ತಿಲಲ್ಲಿ ಪುಕ್ಕಟೆ ಬಿದ್ದಿತ್ತು, ತಂದ.

“ಆಕಳ ಖರೇ, ಆದ್ರ ಬಿಟ್ಟ ಆಕಳಾನೂ ಹೊಲ ಮೇಯತದ” ಎಂದು ಬ್ಯಾಟರಿಯ ಪುರಾಣದ ಎರಡನೆಯ ಅಧ್ಯಾಯ ಶುರು ಮಾಡುತ್ತಿದ್ದ. “ಹನ್ನೆರಡು ವೋಲ್ಟ್ ಮನಷ್ಯಾಗ ಹೊಡಿಯಂಗಿಲ್ಲ, ವೈರಿಗಿ ಹೊಡೀತದ. ಸಣ್ಣ ವೈರಿನ್ಯಾಗ ದೊಡ್ಡ ಕೆಲಸ ಎಳದ್ರ ಅದು ಒಳಗಿಂದೊಳಗ ಕಾಯಿತದ, ಹೊರಗ ಕಾಣಂಗಿಲ್ಲ. ಅದಕ್ಕ ಫ್ಯೂಸ್. ಫ್ಯೂಸ್ ಅಂದ್ರ ಮನಿ ಸೊಸಿ ಇದ್ದಂಗ. ತಾ ಸುಟ್ಟು ಮನಿ ಉಳಸ್ತಾಳ.”

ಕಾಕಿ ರೊಟ್ಟಿ ಬಡಿಯುತ್ತ ಅಲ್ಲಿಂದಲೇ ಕೇಳುತ್ತಿದ್ದಳು: “ಮತ್ತ ಸೊಸಿಗಿ ಯಾರು ಉಳಸ್ತಾರ್ರಿ?”

ಕಾಕಾ ಅದಕ್ಕೆ ನಗುತ್ತಿದ್ದ, ಅಷ್ಟೇ.

ಫ್ಯೂಸಿನ ವಿಷಯದಲ್ಲಿ ಅವನಿಗೆ ಅಣ್ಣನೂ ಇಲ್ಲ, ಅಯ್ಯನವರೂ ಇಲ್ಲ. ನಮ್ಮ ಕಡೆ ಫ್ಯೂಸು ಹೋದರೆ ಯಾರು ಅಂಗಡಿಗೆ ಹೋಗುತ್ತಾರೆ? ವೈರಿನ ಒಂದು ಎಳೆ ಕಿತ್ತು ಕಟ್ಟುತ್ತಾರೆ, ಇಲ್ಲವೇ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಚಿ ತುರುಕುತ್ತಾರೆ. ಒಮ್ಮೆ ಬೀಗರ ಮುಂದೆ ದೀಪ ಹೋದಾಗ ಅಪ್ಪ ಮನೆಯ ಫ್ಯೂಸಿಗೆ ಹಾಗೆಯೇ ತಾಮ್ರದ ಎಳೆ ಕಟ್ಟಿದ. ಕಾಕಾ ಓಡಿ ಬಂದು ಅದನ್ನು ಕಿತ್ತು ಒಗೆದು, “ಮನಿ ಹಿರ್‍ಯಾ ಆಗಿ ಮನಿಗಿ ಬೆಂಕಿ ಹಚ್ಚಲಿಕತ್ತೀಯಲ್ಲ, ನಿನಗ ನಾಚಿಕಿ ಬರಂಗಿಲ್ಲ?” ಎಂದು ಬೀಗರೆದುರೇ ಒದರಿದ. ಬೀಗರು ಕತ್ತಲಲ್ಲಿ ಊಟ ಮಾಡಿ ಹೋದರು. ಅಪ್ಪ ಅದನ್ನು ಮರೆಯಲಿಲ್ಲ. ನಮ್ಮಪ್ಪ ಉಪಕಾರ ಮರೆಯುತ್ತಾನೆ, ಅಪಮಾನ ಮರೆಯುವವನಲ್ಲ.

ಆ ವ್ಯಾನಿನಲ್ಲಿ ಅವರಿಬ್ಬರೂ ಕುಂಚಾವರಂ ಕಾಡಿನ ಅಂಚಿಗೆ ಹೋಗಿ ಇರತೊಡಗಿದರು. ರಾಮುಲುವಿನ ಹೆಂಡತಿಯ ಗುಡಿಸಲ ಹಿಂದೆ ಒಂದು ಹುಣಸೆ ಮರ. ಅದರ ಕೆಳಗೆ ಗಾಡಿ. ಮನೆ ಬಿಟ್ಟು ಗಾಡಿಯಲ್ಲಿ ಸಂಸಾರ ಮಾಡುವುದು ಅಲೆಮಾರಿಗಳ ಲಕ್ಷಣ, ನಮ್ಮ ಮನೆತನದ ಮೂಗು ಹೋಯಿತು ಎಂದು ಅಪ್ಪ ಹೇಳಿದ. ನಾನು ಶಾಲೆಗೆ ರಜೆ ಬಿದ್ದಾಗ ಚಿಂಚೋಳಿಯ ಮೇಲೆ ಬಸ್ಸು ಹಿಡಿದು ಹೋಗಿ ನೋಡಿದೆ. ಕಾಕಿ ಮರದ ಕೆಳಗೆ ಕುಳಿತು ತೆಲುಗು ಹೆಂಗಸರ ಜೊತೆ ಹುಣಸೆಹಣ್ಣು ಬಿಡಿಸುತ್ತ, ಒಂದೇ ಉಸಿರಿನಲ್ಲಿ ನಮ್ಮ ಅಜ್ಜಿಯ ಕಥೆಯೊಂದನ್ನು ಅಣಕಿಸಿ ಹೇಳಿ ಮುಗಿಸಿದಳು. ಒಂದೇ ಉಸಿರಿನಲ್ಲಿ! ಅವಳ ವಾಕ್ಯ ನಡುವೆ ನಿಲ್ಲದೆ ಮುಗಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಏನ ನೋಡ್ತಿ ಗೌರಿ? ಇಲ್ಲಿ ನನ್ನ ಎದಿ ಹಗರ ಆಗ್ಯಾದ” ಅಂದಳು. “ನಿಮ್ಮ ಕಾಕಾ ಮಾಡಿದ ಫ್ಯಾನ ನೋಡು. ಅಂಗೈಯಷ್ಟ ಅದ. ಅಷ್ಟೇ ಸಾಕವ್ವ ನನಗ.”

ಆ ಕಲ್ಲಿನ ಬೋರ್ಡು ಕಾಯುವ ಕೆಲಸ ಕಾಕಿಯದು. ಯಾರಾದರೂ ಮೊಬೈಲು ಚಾರ್ಜಿಗೆ ಹಾಕಿ ಅಂದರೆ ಮೊದಲು ಆಕಾಶ ನೋಡಿ, ಆಮೇಲೆ ಬ್ಯಾಟರಿಯ ಮೀಟರು ನೋಡಿ, ಆಮೇಲೆ ಆಗುವುದಿಲ್ಲ ಅನ್ನುತ್ತಿದ್ದಳು. ಕಾಕಾ ಹೆಮ್ಮೆಯಿಂದ, “ನನಗರೇ ಮುರಾವತ್ತ ಅದ, ನೀಲಿಗಿ ಇಲ್ಲ” ಅನ್ನುತ್ತಿದ್ದ. ಸುಳ್ಳು. ಮುಲಾಜು ಅವನಿಗೂ ಇರಲಿಲ್ಲ.

ಅಕ್ಕನ ಮದುವೆಯಾಯಿತು. ಸೇಡಂನಲ್ಲಿ ಮೊಬೈಲ್ ಅಂಗಡಿ ಇಟ್ಟ ಮಲ್ಲಿಕಾರ್ಜುನ ನಮ್ಮ ಭಾವ. ನಗುಮೊಗದ ಮನುಷ್ಯ, ಕೆಟ್ಟವರಲ್ಲ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ಸಲೀಸಾಗುತ್ತಿತ್ತು. ಆ ವರ್ಷದ ಎಳ್ಳ ಅಮಾವಾಸ್ಯೆಗೆ ಕುರಕುಂಟಾದ ನಮ್ಮ ಹೊಲಕ್ಕೆ ಹೊಸ ಅಳಿಯನ ಮೊದಲ ಊಟ. ನಮ್ಮ ಕಡೆ ಆ ದಿನ ಹೊಸ ಅಳಿಯ ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ. ಹೆಣ್ಣು ಕೊಟ್ಟ ಮನೆಯವರು ನಾವು. ಬಗ್ಗಿಸಿದ ಕುತ್ತಿಗೆ ಎತ್ತಬಾರದು. ಅಪ್ಪ ಹಟ ಮಾಡಿ ಕಾಕಾ ಕಾಕಿಯನ್ನೂ ಕರೆಸಿದ. ಹಿರಿಯರಿಲ್ಲದೆ ಹೊಲದ ಸುತ್ತ ಚರಗದ ಎಡೆ ಚೆಲ್ಲುವುದು ಹೇಗೆ? ಅವರು ವ್ಯಾನು ತಂದು ಹೊಲದ ಬೇವಿನ ಮರದ ಕೆಳಗೆ, ನಾವು ಬಂದ ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿದರು.

ಭಾವನವರು ಬೈಕಿನ ಮೇಲೆ ಅಕ್ಕನ ಜೊತೆಗೆ ಒಂದು ದೊಡ್ಡ ಸ್ಪೀಕರನ್ನೂ ಕಟ್ಟಿಕೊಂಡು ಬಂದರು. ಅಂಗಡಿಯದು, ಕಾರಿಗೆ ಹಾಕುವಂಥದ್ದು. ಬಂದವರೇ ಗಾಡಿಯ ಸುತ್ತ ತಿರುಗಿ ಖುಷಿಪಟ್ಟರು.

“ಕಾಕಾ, ಭಾರಿ ಮಾಡೀರಿ ಬಿಡ್ರಿ! ನಿಮ್ಮ ಬ್ಯಾಟರಿ ಮ್ಯಾಲ ಒಂದೆರಡ ಹಾಡ ಹಚ್ಚತೀನ್ರಿ?”

ಬೇರೆ ಯಾರಾದರೂ ಕೇಳಿದ್ದರೆ ಕಾಕಾ ಅವರ ವಂಶ ಜಾಲಾಡುತ್ತಿದ್ದ. ಅಪ್ಪ ಅವನನ್ನೇ ನೋಡುತ್ತಿದ್ದ. ಕಾಕಾ ಫ್ಯಾನಿನ ಲೈನಿಗೇ ಸ್ಪೀಕರಿನ ವೈರು ತಾನೇ ಕಟ್ಟಿಕೊಟ್ಟ. “ಸಣ್ಣ ಆವಾಜಿನ್ಯಾಗ ಹಚ್ಚರಿ ಅಳಿಯಾರ. ವೈರ್ ಸಣ್ಣದದ, ಗಾದಿ ತೆಳಗಿಂದ ಹೋಗ್ಯಾದ” ಅಂದ. ಒಲೆಯ ಹೊಗೆಗೆ ದಮ್ಮು ಹತ್ತಿದ್ದ ಕಾಕಿ ವ್ಯಾನಿನೊಳಗೆ ಗಾದಿಯ ಮೇಲೆ ಒರಗಿದ್ದಳು. ಭಾವನವರು ಬಾಗಿಲ ಬಳಿ ಕಂಬಳಿಯ ಮೇಲೆ ಕುಳಿತರು. ಅಕ್ಕ ಮತ್ತು ಅವ್ವ ಬಾವಿಯ ಕಡೆ ಅಡುಗೆಯಲ್ಲಿದ್ದರು.

ನಾವು ಚರಗ ಚೆಲ್ಲಲು ಹೊರಟೆವು. ಅಪ್ಪನ ತಲೆಯ ಮೇಲೆ ಬುಟ್ಟಿ, ಕಾಕಾನ ಕೈಯಲ್ಲಿ ಭಜ್ಜಿ ಕಡಬು ಕಲಸಿದ ಚರಗ, ನನ್ನ ಕೈಯಲ್ಲಿ ನೀರಿನ ತಂಬಿಗೆ. ಬಿಳಿಜೋಳ ಎದೆಯುದ್ದ ನಿಂತಿತ್ತು. ಭೂಮಿತಾಯಿಗೆ ಊಟ ಹಾಕುತ್ತ ಹೊರಟವರು ಸುತ್ತು ಮುಗಿಯುವವರೆಗೆ ಹಿಂದಿರುಗಿ ನೋಡಬಾರದು ಎಂಬುದು ನಮ್ಮ ಮನೆಯ ರೂಢಿ.

ಆಚೆ ಬದುವಿನ ಹತ್ತಿರ ಬಂದಿದ್ದೆವು. ಹಿಂದೆ ಹಾಡಿನ ಆವಾಜು ಒಮ್ಮೆಲೇ ಏರಿ ಪಟ್ಟನೆ ನಿಂತಿತು.

“ಫ್ಯೂಸ್ ಹೋತು” ಅಂದ ಕಾಕಾ, ಹೊಟ್ಟೆ ತಣ್ಣಗಾದವನ ಹಾಗೆ. “ಬೇಷ್ ಆತು. ತನ್ನ ಕೆಲಸ ತಾ ಮಾಡ್ತು.”

ಸ್ವಲ್ಪ ಹೊತ್ತಿನಲ್ಲಿ ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಕಾಕಾ ನಿಂತ. ಕತ್ತು ಅರ್ಧ ತಿರುಗಿತು.

“ತಿರುಗಬ್ಯಾಡ! ಚರಗ ಕೈಯಾಗದ” ಎಂದು ಅಪ್ಪ ಗದರಿದ.

“ಫ್ಯೂಸ್ ಯಾರ ಹಾಕಿದ್ರು? ಡಬ್ಬಿ ನನ್ನ ಕಿಸೆದಾಗದ…” ಕಾಕಾ ತನಗೆ ತಾನೇ ಹೇಳಿಕೊಂಡ. ಆಮೇಲೆ ಮುಖ ಸಡಿಲಾಯಿತು. “ಟ್ರ್ಯಾಕ್ಟರ್ ಬ್ಯಾಟರಿಗಿ ಹಚ್ಚಿರಬೇಕು. ನೀಲಿ ಇದ್ದಾಳಲ್ಲ ಅಲ್ಲಿ. ಅಕಿ ಬೋರ್ಡ ಮುಟ್ಟಗೊಡಂಗಿಲ್ಲ.”

ಸುತ್ತು ಮುಗಿಸಿ ಬೇವಿನ ಮರ ಕಂಡಾಗ ವ್ಯಾನಿನ ಹಿಂದಿನ ಕಿಟಕಿಯಿಂದ ಹೊಗೆ ಬರುತ್ತಿತ್ತು. ಹಾಡು ಇನ್ನೂ ನಡೆದಿತ್ತು. ಕಾಕಿ ಜೋಳದ ಸಾಲಿನಲ್ಲಿ ಕುಳಿತು, ಎರಡೂ ಕೈ ನೆಲಕ್ಕೆ ಊರಿ, ಉಸಿರಿಗಾಗಿ ಬಾಯಿ ತೆರೆಯುತ್ತಿದ್ದಳು. ಕಾದ ವೈರು ಗಾದಿಗೆ ಬೆಂಕಿ ಕೊಟ್ಟಿತ್ತು. ಮಣ್ಣು ಎರಚಿದೆವು, ಬಾವಿಯ ನೀರು ತಂದು ಹಾಕಿದೆವು. ಗಾಡಿಯ ಹಿಂದಿನ ಅರ್ಧ ಸುಟ್ಟು ಹೋಯಿತು. ಗಾದಿ, ಫ್ಯಾನು, ಹಬೆ ಮಷೀನು ಎಲ್ಲ ಆ ಅರ್ಧದಲ್ಲೇ ಇದ್ದವು. ಮುಂದಿನ ಅರ್ಧ ಉಳಿಯಿತು. ತ್ರಿಕೋನ ಉಳಿಯಿತು. ಕಲ್ಲಿನ ಬೋರ್ಡೂ ಉಳಿಯಿತು.

ಎಲ್ಲರೂ ಕಾಕಿಯ ಸುತ್ತ ಇದ್ದಾಗ ಕಾಕಾ ಆ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ನಾನು ಅವನ ಹಿಂದೆಯೇ ನಿಂತಿದ್ದೆ. ಫ್ಯಾನಿನ ಫ್ಯೂಸಿನ ಜಾಗದಿಂದ ಬೆಳ್ಳಗಿನದೊಂದನ್ನು ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿಟ್ಟು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಎರಡು ಬೆರಳಲ್ಲಿ ಹೊಸೆದು ಜೋಳದ ಕಾಳಿನಷ್ಟು ಮಾಡಿ ಬೆಳೆಯೊಳಗೆ ಒಗೆದ.

“ಕಾಕಾ, ಅದು ಬೆಳ್ಳಿ ಕಾಗದ! ಭಾವನವರು…”

“ಸುಮ್ಕಿರು.”

“ಯಾಕ ಸುಮ್ಕಿರಲಿ? ನೀ ಎಲ್ಲರಿಗಿ ಹೇಳಬೇಕು.”

“ನಿಮ್ಮಕ್ಕ ಬಾಳೇವು ಮಾಡೋದದ. ಬಾಯಿ ತೆರದ್ರ ನನ್ನ ಆಣಿ ಅದ ನಿನಗ.” ಅವನ ಕಣ್ಣು ಕೆಂಪಾಗಿದ್ದವು, ಹೊಗೆಗೋ ಏನಕ್ಕೋ.

ಅಷ್ಟರಲ್ಲಿ ಅಪ್ಪ ಬಂದು, ವರ್ಷಗಳಿಂದ ಕೂಡಿಟ್ಟದ್ದನ್ನೆಲ್ಲ ಅಲ್ಲೇ ಸುರುವಿದ. “ಊರ ಮಂದಿಗಿ ಬುದ್ಧಿ ಹೇಳೋ ಲೈನ್‌ಮನ್ನ! ನನಗ ಬೀಗರ ಮುಂದ ನಾಚಿಕಿಲ್ಲ ಅಂದಿದ್ದಿ. ಈಗ ಹೇಳು, ಮನಿಗಿ ಬೆಂಕಿ ಹಚ್ಚಿದಾವ ಯಾರು? ಹೊಸಾ ಅಳಿಯ ಬಾಗಲದಾಗ ಕುಂತಿದ್ರು. ಅವರಿಗಿ ಏನರೇ ಆಗಿದ್ರ?”

ಭಾವನವರು ತಲೆ ತಗ್ಗಿಸಿ ನಿಂತಿದ್ದರು. ಏನಾದರೂ ಹೇಳುತ್ತಾರೆ ಎಂದು ನಾನು ಅವರ ಬಾಯಿಯನ್ನೇ ನೋಡಿದೆ. “ಹೋಗ್ಲಿ ಬಿಡ್ರಿ ಮಾವಾರ, ಕಾಕಾಗ ಬೈಬ್ಯಾಡ್ರಿ” ಅಂದರು. ಎಲ್ಲರೂ ಅವರ ದೊಡ್ಡ ಗುಣ ಮೆಚ್ಚಿಕೊಂಡರು.

“ನಂದೇ ತಪ್ಪ” ಅಂದ ಕಾಕಾ. “ವೈರ್ ಸಣ್ಣದ ಹಾಕಿದ್ದೆ.”

ಮುಂದೆ ಕಾಕಾ ಗಾಡಿಯನ್ನು ಮತ್ತೆ ಕಟ್ಟುತ್ತೇನೆ ಅಂದಾಗ ಅಪ್ಪ ಬಿಡಲಿಲ್ಲ. ಸಂಬಂಧಿಕರನ್ನೆಲ್ಲ ಕೂರಿಸಿ, ಇವನ ಕೈಯಲ್ಲಿ ಕಾಕಿಯ ಜೀವಕ್ಕೆ ಭರವಸೆಯಿಲ್ಲ ಎಂದು ತೀರ್ಮಾನ ಮಾಡಿಸಿದ. ತೆಂಗಳಿಯಿಂದ ಬಂದ ಕಾಕಿಯ ಅಣ್ಣನೂ ಹೌದು ಅಂದ. ಅಣ್ಣನೇ ಹಾಗೆ ಅಂದ ಮೇಲೆ ಯಾರ ಮಾತು ಬಂತು? ಕಾಕಿಯನ್ನು ಶಹಾಬಾದಿನ ಮನೆಗೆ ತಂದರು. ಕಾಕಾನ ಖೋಲಿಗೆ ವೈರು ಎಳೆದರು, ಟ್ಯೂಬ್‌ಲೈಟು ಹಾಕಿದರು, ಚಾವಣಿಗೆ ಫ್ಯಾನು ತೂಗಿಸಿದರು. ಅದು ಹಿತ್ತಿಲ ಧೂಳನ್ನೆಲ್ಲ ಎತ್ತಿ ಕಾಕಿಯ ಮೋರೆಯ ಮೇಲೆ ಹಾಕಿತು. ಕಾಕಾ ಆ ಸ್ವಿಚ್ಚನ್ನು ಒಮ್ಮೆಯೂ ಮುಟ್ಟಲಿಲ್ಲ. ಬೀಸಣಿಕೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. ಕಾಕಿ ಅವನ ಕಡೆ ನೋಡದೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಗಂಡನ ಮೇಲೆ ಸಿಟ್ಟು ಅಂತ ಮನೆಯಲ್ಲಿ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮತ್ತೊಂದು ಎಳ್ಳ ಅಮಾವಾಸ್ಯೆಯನ್ನು ಅವಳು ನೋಡಲಿಲ್ಲ.

ಕಾಕಿಯ ಶಿವಗಣಾರಾಧನೆಯ ಊಟದ ದಿನ ಮೊದಲ ಪಂಕ್ತಿಯಲ್ಲಿ ಭಾವನವರನ್ನು ಕೂರಿಸಿದರು. ಅವರು ಕಾಕಾನನ್ನು ಕರೆದು, ಎಲ್ಲರಿಗೂ ಕೇಳುವ ಹಾಗೆ, ಅಂತಃಕರಣದಿಂದಲೇ ಅಂದರು: “ಕಾಕಾ, ಅವತ್ತ ಒಂದ ಛಲೋ ಫ್ಯೂಸ್ ಹಾಕಿದ್ರ ಇಷ್ಟೆಲ್ಲಾ ಆಗ್ತಿರ್ಲಿಲ್ಲ ನೋಡ್ರಿ. ಕಾಕಿ ಇನ್ನಾ ನಾಕ ದಿನ ಇರ್ತಿದ್ರು.”

ಅವರು ಮರೆತಿದ್ದರೋ, ತಾವು ಮಾಡಿದ್ದಕ್ಕೂ ಬೆಂಕಿಗೂ ಸಂಬಂಧವೇ ಇಲ್ಲ ಎಂದು ನಂಬಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾಕಾ ತುಪ್ಪದ ಮಿಳ್ಳೆ ಹಿಡಿದು ನಿಂತಿದ್ದ. “ಹೌದ್ರಿ ಅಳಿಯಾರ” ಅಂದು, ಬಗ್ಗಿ, ಅವರ ಹೋಳಿಗೆಯ ಮೇಲೆ ತುಪ್ಪ ಹಾಕಿದ. ಆ 'ಹೌದ್ರಿ' ಕೇಳಿ ನನ್ನ ಮೈ ಉರಿದುಹೋಯಿತು. ಸೌಟು ಅಲ್ಲೇ ಇಟ್ಟು ಹಿತ್ತಿಲಿಗೆ ಹೋಗಿಬಿಟ್ಟೆ.

ಕಾಕಾನನ್ನು ನಾನು ಕಡೆಯ ಸಲ ನೋಡಿದ್ದು ಹೋದ ಬೇಸಿಗೆಯಲ್ಲಿ. ಜಗಲಿಯ ಮೇಲೆ ಕುಳಿತಿದ್ದ. ಮುಂದೆ ಬ್ಯಾಟರಿ ಇಲ್ಲ, ತಂಬಿಗೆ ಇಲ್ಲ. ಬಂದವರನ್ನು ಹೆದರಿಸುವ ಹುಮ್ಮಸ್ಸೂ ಉಳಿದಿರಲಿಲ್ಲ. ನಾನು ಪಾಠ ಮಾಡುವ ತೆಂಗಳಿಯ ಶಾಲೆಯ ಸುದ್ದಿ ಕೇಳಿದ. ಅಕ್ಕನಿಗೆ ಗಂಡು ಮಗುವಾದ ಮೇಲೆ ನೋಡಲು ಹೋಗಿಲ್ಲ ಎಂದ. ನನಗೆ ತಡೆಯಲಾಗಲಿಲ್ಲ.

“ಕಾಕಾ, ನೀ ಅಕ್ಕನ ಬಾಳೇವು ಉಳಿಸಿದಿ, ಖರೆ. ಅವತ್ತ ಖರೆ ಹೇಳಿದ್ರ ಗಾಡಿ ಮತ್ತ ಕಟ್ಟಲಿಕ್ಕಿ ಬಿಡ್ತಿದ್ರು. ಕಾಕಿ ಕುಂಚಾವರಂನ್ಯಾಗ ಇರ್ತಿದ್ದಳು. ಅಕ್ಕನ ಸಲುವಾಗಿ ಕಾಕಿನ್ನ ಸುಟ್ಟಿ. ಅಕಿಗಿ ಒಂದ ಮಾತ ಕೇಳಿದ್ದೇನು?”

ಕಾಕಾ ನನ್ನ ಮುಖ ನೋಡಿದ. ಹಿತ್ತಿಲ ಕಡೆಯಿಂದ ಕಲ್ಲು ಕೊಯ್ಯುವ ಸದ್ದು ಬರುತ್ತಿತ್ತು. ಅದು ಸ್ವಲ್ಪ ನಿಲ್ಲಲಿ ಎಂದು ಕಾದ.

“ನಿಮ್ಮಕ್ಕನ ಸಲುವಾಗಿ ಅಂತ ನಿನಗ ಹೇಳಿದ್ದೆ” ಅಂದ. “ಆ ಬೆಳ್ಳಿ ಕಾಗದದ ಮ್ಯಾಲ ಅಕ್ಷರ ಇದ್ವು, ಗೌರಿ. ಸಿಗರೇಟಿಂದಲ್ಲ ಅದು. ನಿಮ್ಮ ಕಾಕಿ ಗುಳಿಗಿ ಪಟ್ಟಿದು.”

ನನಗೆ ಒಮ್ಮೆಗೇ ತಿಳಿಯಲಿಲ್ಲ.

“ಆ ಪಟ್ಟಿ ಎಲ್ಲಿ ಇರ್ತಿತ್ತು? ಅಕಿ ಸೊಂಟದ ಸಂಚ್ಯಾಗ. ಅಕಿ ಕೊಡ್ದ ಯಾರ ಕೈಗೂ ಸಿಗಂಗಿಲ್ಲ. ಅಳಿಯಾರು ಬಾಗಲದಾಗ ನಿಂತು ಕಾಕಿ, ಜರಾ ಬೆಳ್ಳಿ ಕಾಗದ ಇದ್ರ ಕೊಡ್ರಿ ಅಂದಿರ್ತಾರ. ಹೊಸಾ ಅಳಿಯ, ಮೊದಲ ಹಬ್ಬ. ಅಕಿ ಹ್ಯಾಂಗ ಇಲ್ಲ ಅಂತಾಳ? ನಾನೇ ಅನ್ನಲಿಲ್ಲ. ತಾನೇ ಹರದು ಕೊಟ್ಟಾಳ.”

“ಕಾಕಿ ನಿನಗ ಹೇಳಿದಳೇನು?”

“ಇಲ್ಲ. ಕಡೀತನಕ ಹೇಳಲಿಲ್ಲ. ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ಲು. ನನಗ ಗೊತ್ತದ ಅಂತ ನಾನೂ ಹೇಳಲಿಲ್ಲ.” ಕಾಕಾ ಅಂಗೈ ತಿರುಗಿಸಿ ನೋಡಿಕೊಂಡ. “ಅಳಿಯನ ಹೆಸರ ತೆಗದ್ರ ಕಾಗದ ಎಲ್ಲಿಂದ ಬಂತು ಅಂತ ಕೇಳತಿದ್ರು. ಅಳಿಯನ್ನ ಬಿಟ್ಟು ಎಲ್ಲರೂ ಅಕಿ ಮ್ಯಾಲ ಬೀಳತಿದ್ರು. ಮೊದಲೇ ಬಂಜಿ ಅಂದಾರ ಅಕಿಗಿ, ಆಯುಷ್ಯ ಪೂರಾ. ಅದರ ಮ್ಯಾಲ ಮನಿ ಸುಟ್ಟಾಕಿ ಅಂತ ಇನ್ನೊಂದ ಹೆಸರ ಬ್ಯಾಡ ಅಂದೆ. ನನಗರೇ ಏನು, ಹುಚ್ಚ ಅಂತ ಹೆಸರ ಇದ್ದೇ ಇತ್ತು.”

ಹೆಂಡತಿಯ ಹೆಸರು ಉಳಿಸಲು ಹೋಗಿ ಅವಳ ಉಸಿರು ಕಳೆದನಲ್ಲ ಎಂದು ಸಿಟ್ಟೂ ಬಂತು, ಅವನ ಕಾಲು ಹಿಡಿಯಬೇಕು ಎಂದೂ ಅನ್ನಿಸಿತು. ಎರಡೂ ಮಾಡಲಿಲ್ಲ.

“ಛಲೋ ಮಾಡಿದ್ನೋ, ಖರಾಬ್ ಮಾಡಿದ್ನೋ, ಯಾರಿಗಿ ಗೊತ್ತು” ಅಂದ ಕಾಕಾ. ಕಲ್ಲಿನ ಮಷೀನು ಮತ್ತೆ ಶುರುವಾಯಿತು.

ಮಳೆಗಾಲ ಮುಗಿಯುವ ಮೊದಲೇ ಅವನೂ ಹೋದ. ಟ್ಯೂಬ್‌ಲೈಟಿನ ಕೆಳಗೆ ಮಲಗಿಸಿದ್ದರು. ಅಪ್ಪ ದೊಡ್ಡ ದನಿ ತೆಗೆದು ಅತ್ತ. ಸುಳ್ಳು ಅಳು ಅಲ್ಲ, ಅದನ್ನೂ ಹೇಳಬೇಕು. ಅಕ್ಕ ನನ್ನ ಹೆಗಲ ಮೇಲೆ ತಲೆಯಿಟ್ಟು, “ಕಾಕಾ ಭಾಳ ಹಟಮಾರಿ ಇದ್ದ. ಆ ಹಟಾನೇ ಕಾಕಿಗಿ ತಿಂತು” ಅಂದಳು. ಅವಳ ಬಾಳೇವು ಚೆನ್ನಾಗಿದೆ. ಭಾವನವರು ಎರಡನೆಯ ಅಂಗಡಿ ತೆರೆದಿದ್ದಾರೆ.

ಈ ಸಲದ ಎಳ್ಳ ಅಮಾವಾಸ್ಯೆಗೆ ಮತ್ತೆ ಕುರಕುಂಟಾದ ಹೊಲಕ್ಕೆ ಹೋಗಿದ್ದೆವು. ವ್ಯಾನಿನ ಮುಂದಿನ ಅರ್ಧ ಬೇವಿನ ಕೆಳಗೆ ಹಾಗೆಯೇ ಇದೆ. ಅಪ್ಪ ಅದರಲ್ಲಿ ಗೊಬ್ಬರದ ಚೀಲ ಇಡುತ್ತಾನೆ. ನೀಲಿ ಹೋಗಿದೆ, ಹಸಿರು ಹೋಗಿದೆ, ತ್ರಿಕೋನ ಮಾತ್ರ ನಿಚ್ಚಳವಾಗಿ ಕಾಣುತ್ತದೆ. ಭಾವನವರು ಮಗನನ್ನು ಎತ್ತಿಕೊಂಡು ಅದನ್ನು ತೋರಿಸುತ್ತಿದ್ದರು. “ಇದು ನಿಮ್ಮ ಮುತ್ಯಾನ ಗಾಡಿ. ಫ್ಯೂಸ್ ಸರಿ ಹಾಕಲಾರ್ದ ಸುಟ್ಟಕೊಂಡ, ಪಾಪ. ಅಜ್ಜಿ ಅದರಾಗೇ ಇದ್ದಳು.”

ಊಟಕ್ಕೆ ಕುಳಿತಾಗ ಬಡಿಸುವ ಸರದಿ ನನ್ನದು ಬಂತು. ಮೊದಲ ತಟ್ಟೆ ಅವರದೇ. ಬಗ್ಗಿ ಒಂದು ಕಡಬು ಇಟ್ಟೆ, ಇನ್ನೊಂದು ಇಟ್ಟೆ.

“ಸಾಕವ್ವ, ಗೌರಿ” ಅಂದರು.

“ಇರಲಿ, ತಗೋರಿ ಭಾವ” ಅಂದೆ.